ಓದಿಗೊಂದು ಲ್ಯಾಪ್‌ಟಾಪ್: ಮಾಡಬೇಕಾದ್ದು, ಮಾಡಬಾರದ್ದು

ಪಿಯುಸಿ ಮುಗಿಸಿ ಪದವಿ, ಡಿಪ್ಲೊಮಾ, ಎಂಜಿನಿಯರಿಂಗ್ ತರಗತಿಗಳಿಗೆ ಸೇರುತ್ತಿರುವ ವಿದ್ಯಾರ್ಥಿಗಳ ಹಾಗೂ ಅವರ ಹೆತ್ತವರ ಗಮನಕ್ಕೆ.

ಕಾಲೇಜು ಶುರುವಾಗುವ ಹೊತ್ತಿಗೆ ಫೀಸು, ಹಾಸ್ಟೆಲ್, ಪುಸ್ತಕಗಳ ಜೊತೆಗೆ ಲ್ಯಾಪ್‌ಟಾಪಿನ ಖರ್ಚೂ ಬಂದು ಕೂರುತ್ತದೆ. ಅಡಿಕೆ ಮಾರಿದ ದುಡ್ಡಿನಲ್ಲೋ ಸಂಘದಲ್ಲಿ ಎತ್ತಿದ ಸಾಲದಲ್ಲೋ ಕೊಂಡ ಯಂತ್ರ ಎರಡನೇ ವರ್ಷಕ್ಕೇ ಕೈಕೊಡುವುದನ್ನು ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸ ಮಾಡುವ ನಾನು ವರ್ಷವರ್ಷವೂ ನೋಡುತ್ತೇನೆ. ಬಹಳಷ್ಟು ಸಲ ಯಂತ್ರ ಕೆಟ್ಟಿರುವುದೇ ಇಲ್ಲ. ಕೊಂಡ ದಿನವೇ ಅದಕ್ಕೆ ಆ ಕೆಲಸದ ಶಕ್ತಿ ಇರಲಿಲ್ಲ. ಇನ್ನೊಂದು ಮನೆಯಲ್ಲಿ ಹಾಗಾಗಬಾರದು ಎಂದೇ ಈ ಸೂಚನೆ.

ಎಲ್ಲಕ್ಕೂ ಮೇಲಿನ ನಿಯಮ ಇದು: ಕೊಂಡ ಮೇಲೆ ಬದಲಿಸಲಾಗದ ಭಾಗಗಳಿಗೆ ಹಣ ಹಾಕಿ. ಆಮೇಲೆ ಬದಲಿಸಬಹುದಾದ್ದಕ್ಕೆ, ಬಿಟ್ಟಿಯಾಗಿ ಸಿಗುವುದಕ್ಕೆ ಈಗಲೇ ದುಡ್ಡು ತೆರಬೇಡಿ. ಮುಂದೆ ಹೇಳುವುದೆಲ್ಲ ಇದರ ವಿವರ.

ಅಂಗಡಿಗೆ ಹೋಗುವ ಮುನ್ನ

ಯಾವ ಕಂಪನಿಯದು ಒಳ್ಳೆಯದು ಎಂದು ಕೇಳುವ ಮೊದಲು, ನಿಮ್ಮ ಕೋರ್ಸಿಗೆ ಯಾವ ತಂತ್ರಾಂಶ ಬೇಕು ಎಂದು ಕಾಲೇಜಿನಲ್ಲಿ ಕೇಳಿ ಬರೆದುಕೊಳ್ಳಿ. ಬಿ.ಎ., ಬಿ.ಎಸ್ಸಿ. ವಿದ್ಯಾರ್ಥಿಗಳ ಕೆಲಸ ಹೆಚ್ಚಾಗಿ ಬ್ರೌಸರ್, ಟೈಪಿಂಗ್, ಪಿಡಿಎಫ್, ‘ಸ್ವಯಂ’ ಮತ್ತು ಎನ್‌ಪಿಟಿಇಎಲ್ ಆನ್‌ಲೈನ್ ತಾಣಗಳ ಪಾಠದ ವಿಡಿಯೊಗಳಲ್ಲೇ ಮುಗಿಯುತ್ತದೆ. ಬಿ.ಕಾಂ. ಓದುವವರು ಟ್ಯಾಲಿ ಕಲಿಯಲೇಬೇಕು. ಬೆಂಗಳೂರಿನ ಕಂಪನಿಯ ಈ ತಂತ್ರಾಂಶ ವಿಂಡೋಸ್‌ಗಾಗಿ ಮಾಡಿದ್ದು. ಕ್ರೋಮ್‌ಬುಕ್ಕಿನಲ್ಲಿ ಅದನ್ನು ನೇರವಾಗಿ ಹಾಕಿಕೊಳ್ಳಲಾಗದು. ಹಾಗಾಗಿ ಕಡಿಮೆ ಬೆಲೆ ಎಂದು ವಾಣಿಜ್ಯ ವಿದ್ಯಾರ್ಥಿಗಳು ಕ್ರೋಮ್‌ಬುಕ್ ಕೊಳ್ಳಬೇಡಿ.

ಕಂಪ್ಯೂಟರ್ ಸೈನ್ಸ್ ಎಂದ ಕೂಡಲೇ ಗೇಮಿಂಗ್ ಲ್ಯಾಪ್‌ಟಾಪ್ ಕೊಳ್ಳಬೇಡಿ. ಸಿ, ಪೈಥಾನ್, ಜಾವಾ ಕಲಿಯಲು ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ. ಮಷೀನ್ ಲರ್ನಿಂಗ್ ಅಭ್ಯಾಸಕ್ಕೆ ಗೂಗಲ್ ಕೊಲ್ಯಾಬ್ ಇದೆ. ಲೆಕ್ಕಾಚಾರವೆಲ್ಲ ಗೂಗಲ್‌ನ ಯಂತ್ರಗಳಲ್ಲಿ ನಡೆಯುತ್ತದೆ, ಕಲಿಕೆಗೆ ಸಾಲುವಷ್ಟು ಬಳಕೆ ಉಚಿತ. ಗೇಮಿಂಗ್ ಯಂತ್ರವನ್ನು ದಪ್ಪ ಚಾರ್ಜರ್ ಸಮೇತ ದಿನವೂ ಬಸ್ಸಿನಲ್ಲಿ ಹೊರಬೇಕು. ಬ್ಯಾಟರಿ ಮಧ್ಯಾಹ್ನಕ್ಕೇ ಖಾಲಿಯಾಗುತ್ತದೆ. ಗ್ರಾಫಿಕ್ಸ್ ಕಾರ್ಡ್ ನಿಜವಾಗಿ ಬೇಕಾಗುವುದು ಆರ್ಕಿಟೆಕ್ಚರ್, ಅನಿಮೇಷನ್, ದೊಡ್ಡ ತ್ರೀಡಿ ಮಾದರಿಗಳ ಕೆಲಸ ಇರುವವರಿಗೆ. ಅವರೂ ಸೀನಿಯರ್‌ಗಳನ್ನು ಕೇಳಿಯೇ ಮುಂದುವರಿಯಲಿ.

ಉಚಿತ ಲ್ಯಾಪ್‌ಟಾಪ್ ಎಂದು ವಾಟ್ಸ್ಆ್ಯಪ್‌ನಲ್ಲಿ ಬರುವ ಲಿಂಕ್ ಒತ್ತಬೇಡಿ. ಆಧಾರ್ ಸಂಖ್ಯೆ, ಒಟಿಪಿ, ನೋಂದಣಿ ಶುಲ್ಕ ಯಾವುದನ್ನೂ ಕೊಡಬೇಡಿ. ಎಐಸಿಟಿಇ ಹೆಸರಿನಲ್ಲಿ ಹರಿದಾಡಿದ ಇಂಥ ಯೋಜನೆಯ ಸಂದೇಶ ಸುಳ್ಳೆಂದು ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್‌ಚೆಕ್ ವಿಭಾಗವೇ ಹೇಳಿದೆ. ನಿಜವಾದ ಯೋಜನೆಗಳೂ ಇವೆ. ನೋಂದಾಯಿತ ಕಟ್ಟಡ ಕಾರ್ಮಿಕರ ಮಕ್ಕಳಿಗೆ ಕರ್ನಾಟಕದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಲ್ಯಾಪ್‌ಟಾಪ್ ವಿತರಿಸಿದ್ದುಂಟು. ಅಂಥದ್ದನ್ನು ತಾಲ್ಲೂಕಿನ ಕಾರ್ಮಿಕ ಇಲಾಖೆ ಕಚೇರಿಯಲ್ಲೋ ಕಾಲೇಜಿನ ಕಚೇರಿಯಲ್ಲೋ ಹೋಗಿ ವಿಚಾರಿಸಿ. ಮೋಸಕ್ಕೆ ಸಿಕ್ಕಿ ಹಣ ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹಣ ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು

ಪ್ರೊಸೆಸರ್‌ನ ಪೂರ್ತಿ ಹೆಸರು ಓದದೆ ಹಣ ಕೊಡಬೇಡಿ. ಅಂಗಡಿಯವರು ‘ಐ5 ಇದೆ ಸಾರ್’ ಎಂದರೆ ಅದು ಅರ್ಧ ಉತ್ತರ. ಐ5 ಎಂಬುದರ ಮುಂದಿನ ಅಂಕಿಗಳನ್ನು ಕೇಳಿ. ಐ5-7200ಯು ಎಂದರೆ ಏಳನೇ ತಲೆಮಾರು, ಐ3-1215ಯು ಎಂದರೆ ಹನ್ನೆರಡನೆಯದು. ಹೆಸರಿನಲ್ಲಿ ಚಿಕ್ಕದಾದ ಈ ಐ3ಯಲ್ಲಿ ಆರು ಕೋರ್‌ಗಳಿವೆ, ಆ ಹಳೆಯ ಐ5ನಲ್ಲಿ ಎರಡೇ. ಹೊಸ ಐ3 ಎದುರು ಹಳೆಯ ಐ5 ನಿಲ್ಲುವುದಿಲ್ಲ.

ಎಎಂಡಿ ರೈಜೆನ್‌ನ ಅಂಕಿಗಳಲ್ಲಿ ಇನ್ನೊಂದು ಸಿಕ್ಕು ಇದೆ. ಅದರ 7000 ಸಾಲಿನಲ್ಲಿ ಮೊದಲ ಅಂಕಿ ಮಾರುಕಟ್ಟೆಗೆ ಬಂದ ವರ್ಷವನ್ನು ಹೇಳುತ್ತದೆ. ಒಳಗಿನ ವಿನ್ಯಾಸ ಎಷ್ಟು ಹಳೆಯದು ಎಂದು ಹೇಳುವುದು ಮೂರನೇ ಅಂಕಿ. 7320ಯು, 7520ಯು ಎರಡರಲ್ಲೂ ಮೂರನೇ ಅಂಕಿ 2, ಅಂದರೆ 2019ರಲ್ಲಿ ಬಂದ ಝೆನ್ 2 ವಿನ್ಯಾಸ. 7530ಯು ಆದರೆ ಝೆನ್ 3. ಬರೆಯಲು ಓದಲು 7320ಯು ಸಾಕಾಗಬಹುದು. ಆದರೆ ಆ ಚಿಪ್ ಇರುವ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ, ಆಮೇಲೆ ಹೆಚ್ಚಿಸಲು ದಾರಿಯೇ ಇಲ್ಲ. 8 ಜಿಬಿ ಕೊಂಡರೆ ಕೊನೆಯವರೆಗೂ 8 ಜಿಬಿಯೇ.

ಇಂಟೆಲ್ ಸೆಲೆರಾನ್ ಎನ್4020, ಎನ್4500 ಇರುವುದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಪದವಿ ಓದಿಗೆ ಕೊಳ್ಳಬೇಡಿ. ಎರಡೇ ಕೋರ್‌ಗಳ ಚಿಪ್ ಇವು. ಒಂದು ಆನ್‌ಲೈನ್ ತರಗತಿ, ಜೊತೆಗೆ ಒಂದು ವರ್ಡ್ ಫೈಲು, ಬ್ರೌಸರಿನಲ್ಲಿ ನಾಲ್ಕು ಟ್ಯಾಬ್ ತೆರೆದರೆ ಮೌಸ್ ಅಲುಗಾಡಿಸಿ ಕಾಯುತ್ತಾ ಕೂರಬೇಕಾಗುತ್ತದೆ. ಇಂಥವುಗಳಲ್ಲಿ ಹಲವಕ್ಕೆ 64 ಅಥವಾ 128 ಜಿಬಿಯ ಇಎಂಎಂಸಿ ಸಂಗ್ರಹ ಇರುತ್ತದೆ. ಅದೂ ಬೋರ್ಡಿಗೆ ಬೆಸೆದದ್ದೇ. 64 ಜಿಬಿಯಾದರೆ ವಿಂಡೋಸ್ ಅಪ್‌ಡೇಟ್‌ಗಳೇ ಅದನ್ನು ತುಂಬಿಬಿಡುತ್ತವೆ. ಬೆಲೆಪಟ್ಟಿಯಲ್ಲಿ ಇಎಂಎಂಸಿ ಎಂದು ಕಂಡರೆ ಪುಟ ತಿರುಗಿಸಿ.

ರ‍್ಯಾಮ್ 8 ಜಿಬಿಗಿಂತ ಕಡಿಮೆ ಬೇಡ. 4 ಜಿಬಿಯಲ್ಲಿ ವಿಂಡೋಸ್ 11 ಓಡುತ್ತದೆ ಎಂದು ಮೈಕ್ರೊಸಾಫ್ಟ್ ಹೇಳುವುದು ಕನಿಷ್ಠ ಮಟ್ಟ, ಅದರಲ್ಲಿ ಓದು ಸಾಗುವುದಿಲ್ಲ. ‘ಇದರಲ್ಲಿ ರ‍್ಯಾಮ್ ಸ್ಲಾಟ್ ಖಾಲಿ ಇದೆಯೇ?’ ಎಂದು ಅಂಗಡಿಯಲ್ಲಿ ಕೇಳಿ, ಕಂಪನಿಯ ಜಾಲತಾಣದಲ್ಲಿ ಆ ಮಾದರಿಯ ವಿವರ ತೆರೆದು ಖಾತ್ರಿ ಮಾಡಿಕೊಳ್ಳಿ. ಸ್ಲಾಟ್ ಇದ್ದರೆ 8 ಜಿಬಿಯದನ್ನೇ ಕೊಂಡು, ಮೂರನೇ ವರ್ಷ ಆ್ಯಂಡ್ರಾಯ್ಡ್ ಸ್ಟುಡಿಯೊದಂಥ ಭಾರದ ತಂತ್ರಾಂಶ ಬಂದಾಗ ಹೆಚ್ಚಿಸಿಕೊಳ್ಳಬಹುದು. ಸ್ಲಾಟ್ ಇಲ್ಲವೆಂದಾದರೆ ಎಂಜಿನಿಯರಿಂಗ್, ಬಿಸಿಎ ವಿದ್ಯಾರ್ಥಿಗಳು ಈಗಲೇ 16 ಜಿಬಿಯದನ್ನು ಕೊಳ್ಳಿ.

ಹಾರ್ಡ್ ಡಿಸ್ಕ್ ಮಾತ್ರ ಇರುವ ಯಂತ್ರ ಬೇಡ, ಎಸ್‌ಎಸ್‌ಡಿ ಇರಲಿ. 512 ಜಿಬಿ ಒಳ್ಳೆಯದು, 256 ಆದರೂ ನಡೆಯುತ್ತದೆ. ಎಂ.2 ಮಾದರಿಯ ಎಸ್‌ಎಸ್‌ಡಿಯನ್ನು ಆಮೇಲೆ ಬದಲಿಸಬಹುದು, ಆದ್ದರಿಂದ 1 ಟಿಬಿಗಾಗಿ ಈಗ ಹೆಚ್ಚು ಕೊಡಬೇಡಿ.

ಪರದೆಯ ವಿಷಯದಲ್ಲಿ ರಾಜಿ ಬೇಡವೇ ಬೇಡ. ಪಟ್ಟಿಯಲ್ಲಿ ಬರೀ ‘ಎಚ್‌ಡಿ’ ಎಂದಿದ್ದರೆ 1366×768. ‘ಫುಲ್ ಎಚ್‌ಡಿ’ ಎಂದರೆ 1920×1080. ಈ ವ್ಯತ್ಯಾಸ ಇಂಗ್ಲಿಷ್ ಓದುವವರಿಗಿಂತ ನಮಗೆ ಹೆಚ್ಚು ತಾಗುತ್ತದೆ. ಅಂಗಡಿಯಲ್ಲಿ ನಿಂತು ಕನ್ನಡದ ಒಂದು ಸುದ್ದಿಪುಟ ತೆರೆಯಿರಿ. ‘ರಾಷ್ಟ್ರ’, ‘ಸ್ತ್ರೀ’, ‘ಶಾಸ್ತ್ರ’ ಎಂಬಲ್ಲಿ ಒತ್ತಕ್ಷರಗಳು ಒಂದರ ಕೆಳಗೊಂದು ಬಿಡಿಬಿಡಿಯಾಗಿ ಕಾಣುತ್ತವೆಯೇ, ಒಂದಕ್ಕೊಂದು ಮೆತ್ತಿಕೊಂಡಿವೆಯೇ ನೋಡಿ. ಸಣ್ಣ ಅಕ್ಷರದಲ್ಲಿ 768 ಗೆರೆಗಳ ಪರದೆ ಒತ್ತನ್ನು ನುಂಗುತ್ತದೆ. ನಾಲ್ಕು ವರ್ಷ ಕಣ್ಣು ಕಿರಿದು ಮಾಡಿ ಓದುವ ಶಿಕ್ಷೆಯನ್ನು ಮಗುವಿಗೆ ಕೊಡಬೇಡಿ. ಐಪಿಎಸ್ ಪರದೆ ಸಿಕ್ಕರೆ ಅದನ್ನೇ ಆರಿಸಿ, ಪಕ್ಕದಿಂದ ನೋಡಿದರೂ ಬಣ್ಣ ಕೆಡುವುದಿಲ್ಲ.

ಕೀಬೋರ್ಡ್ ಮೇಲೆ ಒಂದು ಪುಟದಷ್ಟು ಟೈಪ್ ಮಾಡಿ ನೋಡಿ. ಮುಚ್ಚಳವನ್ನು ಮೂಲೆ ಹಿಡಿದು ನಿಧಾನ ಎತ್ತಿ ಇಳಿಸಿ. ಕೀಲಿನ ಹತ್ತಿರ ಪ್ಲಾಸ್ಟಿಕ್ ಉಬ್ಬಿದರೆ, ಕಿರ್ ಎಂದರೆ ಬಿಟ್ಟುಬಿಡಿ. ಲ್ಯಾಬಿಗೆ ಬರುವ ಅಗ್ಗದ ಲ್ಯಾಪ್‌ಟಾಪುಗಳಲ್ಲಿ ನಾನು ಮತ್ತೆ ಮತ್ತೆ ಕಾಣುವುದು ಮುರಿದ ಕೀಲು. ತಿರುಪು ಕೂತಿದ್ದ ಪ್ಲಾಸ್ಟಿಕ್ ಕಿತ್ತು ಬಂದ ಮೇಲೆ ರಿಪೇರಿ ನಿಲ್ಲುವುದು ಕಷ್ಟ.

ಟಚ್ ಸ್ಕ್ರೀನ್, ಬಣ್ಣದ ದೀಪದ ಕೀಬೋರ್ಡ್, ‘ಎಐ ಲ್ಯಾಪ್‌ಟಾಪ್’ ಎಂಬ ಸ್ಟಿಕರ್, ಇವಕ್ಕೆಂದು ಹೆಚ್ಚಿನ ದುಡ್ಡು ಕೊಡಬೇಡಿ. ಚಾಟ್‌ಜಿಪಿಟಿ, ಜೆಮಿನೈ ನಡೆಯುವುದು ಇಂಟರ್ನೆಟ್ಟಿನ ಆ ತುದಿಯಲ್ಲಿ. ಅದಕ್ಕೆ ಯಾವ ಸಾಧಾರಣ ಲ್ಯಾಪ್‌ಟಾಪೂ ಸಾಕು. ಸ್ನ್ಯಾಪ್‌ಡ್ರ್ಯಾಗನ್ ಚಿಪ್ ಇರುವ ವಿಂಡೋಸ್ ಯಂತ್ರಗಳಲ್ಲಿ ಬ್ಯಾಟರಿ ಚೆನ್ನಾಗಿ ಬರುತ್ತದೆ ನಿಜ. ಆದರೆ ಅದರ ಒಳವಿನ್ಯಾಸ ಬೇರೆ. ಕಾಲೇಜಿನ ತಂತ್ರಾಂಶ, ಲ್ಯಾಬಿನ ಉಪಕರಣ, ಮನೆಯ ಹಳೆಯ ಪ್ರಿಂಟರ್ ಅದರೊಂದಿಗೆ ಹೊಂದುತ್ತವೆ ಎಂದು ಖಾತ್ರಿಯಾಗದೆ ಮುಂದುವರಿಯಬೇಡಿ.

ತಂತ್ರಾಂಶಕ್ಕೆ ಸುರಿಯಬೇಡಿ

ವಿಂಡೋಸ್ ಇಲ್ಲದ ‘ಡಾಸ್’ ಲ್ಯಾಪ್‌ಟಾಪ್ ಎರಡು ಸಾವಿರ ಕಡಿಮೆಗೆ ಕೊಟ್ಟು, ಅಂಗಡಿಯಲ್ಲೇ ಪೆನ್‌ಡ್ರೈವಿನಿಂದ ಕಳ್ಳ ವಿಂಡೋಸ್ ಹಾಕಿಕೊಡುವುದುಂಟು. ಹಾಕಿಸಿಕೊಳ್ಳಬೇಡಿ. ಆ ಕಳ್ಳ ಪ್ರತಿಯನ್ನು ಸಕ್ರಿಯ ಮಾಡುವ ಪ್ರೋಗ್ರಾಮು ಓಡಬೇಕಾದರೆ ಮೊದಲು ಆ್ಯಂಟಿವೈರಸ್ ಆಫ್ ಮಾಡುತ್ತಾರೆ. ಅಪ್ಪನ ಬ್ಯಾಂಕ್ ಪಾಸ್‌ವರ್ಡ್ ಅದೇ ಯಂತ್ರದಲ್ಲಿ ಟೈಪ್ ಆಗುತ್ತದೆ ಎಂಬುದನ್ನು ಯೋಚಿಸಿ. ಹಣ ಉಳಿಸಲೇಬೇಕಿದ್ದರೆ, ಟ್ಯಾಲಿ, ಆಟೊಕ್ಯಾಡ್ ಬೇಡದವರು ಧೈರ್ಯವಾಗಿ ಉಬುಂಟು ಹಾಕಿಕೊಳ್ಳಿ. ಅದು ಉಚಿತ, ಕಾನೂನುಬದ್ಧ; ಕನ್ನಡ ಟೈಪಿಂಗೂ ಇದೆ.

ಆಫೀಸ್ ತಂತ್ರಾಂಶಕ್ಕೆ ಬೇರೆ ಹಣ ಕೊಡುವ ಮೊದಲು ಕಾಲೇಜಿನ ಇಮೇಲ್ ವಿಳಾಸಕ್ಕೆ ಮೈಕ್ರೊಸಾಫ್ಟ್ ಸೌಲಭ್ಯ ಇದೆಯೇ ಕೇಳಿ. ಇಲ್ಲದಿದ್ದರೆ ಲಿಬ್ರೆಆಫೀಸ್ ಇದೆ. ಆಟೊಡೆಸ್ಕ್ ತನ್ನ ಆಟೊಕ್ಯಾಡ್ ಅನ್ನು ವಿದ್ಯಾರ್ಥಿಗಳಿಗೆ ಉಚಿತವಾಗಿ ಕೊಡುತ್ತದೆ. ವಿಂಡೋಸ್ ಜೊತೆಗೇ ಡಿಫೆಂಡರ್ ಬರುವುದರಿಂದ ಬೇರೆ ಆ್ಯಂಟಿವೈರಸ್ ಕೊಳ್ಳಬೇಡಿ. ಕನ್ನಡಕ್ಕೆ ಕನ್ನಡ ಗಣಕ ಪರಿಷತ್ತಿನ ನುಡಿ ಉಚಿತ. ವಿಂಡೋಸ್ ಒಳಗೇ ಇನ್‌ಸ್ಕ್ರಿಪ್ಟ್ ಕೀಲಿಮಣೆಯೂ ಉಚ್ಚಾರಣೆಯಂತೆ ಟೈಪಿಸುವ ಫೊನೆಟಿಕ್ ಕೀಲಿಮಣೆಯೂ ಇವೆ. ‘ಕನ್ನಡ ಹಾಕಿಕೊಡಲು ಐನೂರು’ ಎಂದರೆ ಕೊಡಬೇಡಿ. ಪ್ರಬಂಧಗಳನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಹಳೆಯ ಆಸ್ಕಿ ಫಾಂಟಿನಲ್ಲಿ ಬರೆದದ್ದು ಇನ್ನೊಂದು ಯಂತ್ರದಲ್ಲಿ ಓದಲಾಗದ ಚಿಹ್ನೆಗಳಾಗಿ ಬರುತ್ತದೆ.

ಹಳೆಯದನ್ನು ಕೊಳ್ಳುವವರಿಗೆ

ಹಳೆಯ ಲ್ಯಾಪ್‌ಟಾಪ್ ಕೊಳ್ಳುವುದರಲ್ಲಿ ಸಂಕೋಚ ಬೇಡ. ಬಜೆಟ್ ನಿಜಕ್ಕೂ ಕಡಿಮೆ ಇದ್ದರೆ ಹೊಸ ಸೆಲೆರಾನ್‌ಗಿಂತ ಹಳೆಯ ಕಚೇರಿ ಲ್ಯಾಪ್‌ಟಾಪ್ ಎಷ್ಟೋ ಮೇಲು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಬೆಂಗಳೂರಿನ ಐಟಿ ಕಂಪನಿಗಳು ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್‌ಗಳು ಅಲ್ಲಿನ ಎಸ್.ಪಿ. ರೋಡಿನ ಅಂಗಡಿಗಳಿಗೆ ಬರುತ್ತವೆ. ಗಟ್ಟಿ ಕೀಲು, ಒಳ್ಳೆಯ ಕೀಬೋರ್ಡ್ ಇರುವ, ಬಿಚ್ಚಿ ರಿಪೇರಿ ಮಾಡಬಹುದಾದ ಯಂತ್ರಗಳು. ಥಿಂಕ್‌ಪ್ಯಾಡ್ ಟಿ480ನಲ್ಲಿ ರ‍್ಯಾಮ್‌ಗೆ ಎರಡು ಸ್ಲಾಟ್ ಇವೆ, ಹಿಂದಿನ ಬ್ಯಾಟರಿಯನ್ನು ಕೈಯಲ್ಲೇ ಕಳಚಬಹುದು.

ಆದರೆ ಎಂಟನೇ ತಲೆಮಾರಿಗಿಂತ ಹಳೆಯ ಇಂಟೆಲ್ ಚಿಪ್ ಇರುವುದನ್ನು ವಿಂಡೋಸ್‌ಗೆಂದು ಕೊಳ್ಳಬೇಡಿ. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಮತ್ತು ಎಂಟನೇ ಅಥವಾ ಅನಂತರದ ತಲೆಮಾರಿನ ಚಿಪ್ ಬೇಕೆಂಬುದು ಅಧಿಕೃತ ನಿಯಮ. ಇಲ್ಲಿ ಒಂದು ಎಚ್ಚರ: ಟಿ480, ಲ್ಯಾಟಿಟ್ಯೂಡ್ 7490, ಎಲೈಟ್‌ಬುಕ್ 840 ಜಿ5 ಮಾದರಿಗಳಲ್ಲಿ ಏಳನೇ ತಲೆಮಾರಿನ ಐ5-7300ಯು ಇರುವ ಪ್ರತಿಗಳೂ ಇವೆ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ತೆರೆದು ಚಿಪ್ಪಿನ ಅಂಕಿ 8ರಿಂದ ಶುರುವಾಗುತ್ತದೋ, 7ರಿಂದಲೋ ಎಂದು ನಿಮ್ಮ ಕಣ್ಣಿನಿಂದ ನೋಡಿ. ವಿಂಡೋಸ್ 11 ಈಗಾಗಲೇ ಹಾಕಿದೆ ಎಂಬುದು ಉತ್ತರವಲ್ಲ, ನಿಯಮ ತಪ್ಪಿಸಿಯೂ ಹಾಕಬಹುದು.

ಹಣ ಕೊಡುವ ಮುನ್ನ ಕಡ್ಡಾಯವಾಗಿ ಮಾಡಬೇಕಾದ್ದು ಇನ್ನೊಂದು. ಯಂತ್ರವನ್ನು ಪೂರ್ತಿ ರೀಸೆಟ್ ಮಾಡಿಸಿ, ನಿಮ್ಮ ಮೊಬೈಲಿನ ಹಾಟ್‌ಸ್ಪಾಟಿಗೆ ಜೋಡಿಸಿ, ಹೊಸದಾಗಿ ಸೆಟಪ್ ಶುರು ಮಾಡಿ. ‘ಇಂಥ ಕಂಪನಿಗೆ ಸ್ವಾಗತ’ ಎಂದು ಬರೆದು ಕಚೇರಿಯ ಇಮೇಲ್ ಕೇಳುವ ಪರದೆ ಬಂತೆಂದರೆ, ಆ ಲ್ಯಾಪ್‌ಟಾಪ್ ಇನ್ನೂ ಹಳೆಯ ಕಂಪನಿಯ ಹಿಡಿತದಲ್ಲಿದೆ. ಅಂಗಡಿಯವರು ಇಂಟರ್ನೆಟ್ ಇಲ್ಲದೆ ಸೆಟಪ್ ಮಾಡಿ ತೋರಿಸಿದ್ದರೆ ಈ ಬೀಗ ಕಾಣಿಸಿರುವುದಿಲ್ಲ. ಆರು ತಿಂಗಳ ಮೇಲೆ ರೀಸೆಟ್ ಮಾಡಿದ ದಿನ ಅದು ಎದ್ದು ನಿಲ್ಲುತ್ತದೆ. ಬಯೋಸ್ ಪಾಸ್‌ವರ್ಡ್ ಇದ್ದರೂ ಅಷ್ಟೇ. ಅಂಥದ್ದನ್ನು ಅಲ್ಲೇ ಬಿಟ್ಟು ಬನ್ನಿ, ‘ಆಮೇಲೆ ತೆಗೆಸಿಕೊಡ್ತೀವಿ’ ಎಂಬ ಮಾತು ನಂಬಬೇಡಿ.

ಬ್ಯಾಟರಿ ನೋಡಲು ಕಮಾಂಡ್ ಪ್ರಾಂಪ್ಟ್ ತೆರೆದು ‘ಪವರ್‌ಸಿಎಫ್‌ಜಿ’, ಒಂದು ಸ್ಪೇಸ್, ಒಂದು ಓರೆಗೆರೆ, ‘ಬ್ಯಾಟರಿರಿಪೋರ್ಟ್’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಒಂದು ವರದಿ ಸಿದ್ಧವಾಗುತ್ತದೆ. ಅದರಲ್ಲಿ ‘ಡಿಸೈನ್ ಕೆಪಾಸಿಟಿ’ ಹೊಸದಿದ್ದಾಗಿನ ಅಳತೆ, ‘ಫುಲ್ ಚಾರ್ಜ್ ಕೆಪಾಸಿಟಿ’ ಈಗಿನ ಅಳತೆ. 50,000 ಇದ್ದದ್ದು 25,000ಕ್ಕೆ ಇಳಿದಿದ್ದರೆ ಅರ್ಧ ಸವೆದಿದೆ ಎಂದರ್ಥ. ಹೊಸ ಬ್ಯಾಟರಿಯ ಬೆಲೆಯನ್ನು ಚೌಕಾಸಿಯಲ್ಲಿ ಕಳೆಯಿರಿ. ಬಿಲ್ ಇಲ್ಲದ ಹಳೆಯ ಲ್ಯಾಪ್‌ಟಾಪನ್ನು ಯಾರ ಕೈಯಿಂದಲೂ ಕೊಳ್ಳಬೇಡಿ. ಕದ್ದ ಮಾಲಾಗಿದ್ದರೆ ಪೊಲೀಸ್ ಠಾಣೆ ಮೆಟ್ಟಿಲು ಹತ್ತಬೇಕಾದವರು ನೀವು.

ಬಿಲ್, ವಾರಂಟಿ, ಸರ್ವಿಸ್

ಜಿಎಸ್‌ಟಿ ಸಂಖ್ಯೆ ಮತ್ತು ಯಂತ್ರದ ಸೀರಿಯಲ್ ಸಂಖ್ಯೆ ಎರಡೂ ಇರುವ ಬಿಲ್ ಪಡೆಯಿರಿ. ‘ಬಿಲ್ ಬೇಡ ಅಂದ್ರೆ ಕಡಿಮೆ ಆಗುತ್ತೆ’ ಎಂಬ ಮಾತಿಗೆ ಒಪ್ಪಬೇಡಿ. ಲ್ಯಾಪ್‌ಟಾಪ್ ಮೇಲಿನ ಜಿಎಸ್‌ಟಿ ಶೇಕಡಾ 18. ಅದನ್ನು ಉಳಿಸಲು ಹೋಗಿ ವಾರಂಟಿಯನ್ನೂ ದೂರು ಕೊಡುವ ಆಧಾರವನ್ನೂ ಕಳೆದುಕೊಳ್ಳುತ್ತೀರಿ. ಸೀರಿಯಲ್ ಸಂಖ್ಯೆಯನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ವಾರಂಟಿ ಯಾವ ದಿನದಿಂದ ಶುರುವಾಗಿದೆ ನೋಡಿ. ಹೊಸದೆಂದು ಕೊಟ್ಟ ಯಂತ್ರದ ವಾರಂಟಿ ತಿಂಗಳುಗಳ ಹಿಂದೆಯೇ ಶುರುವಾಗಿದ್ದರೆ ಅಲ್ಲೇ ಕೇಳಿ. ಆನ್‌ಲೈನ್‌ನಲ್ಲಿ ತರಿಸಿದ್ದರೆ ಪೆಟ್ಟಿಗೆ ಒಡೆಯುವುದನ್ನು ಮೊದಲಿನಿಂದ ಕೊನೆಯವರೆಗೆ ವಿಡಿಯೊ ಮಾಡಿ.

ನಿಮ್ಮ ಜಿಲ್ಲೆಯಲ್ಲಿ ಆ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್ ಇದೆಯೇ, ವಾರಂಟಿ ಮನೆಗೇ ಬಂದು ಸರಿಪಡಿಸುವ ‘ಆನ್‌ಸೈಟ್’ ಬಗೆಯದೋ ‘ಕ್ಯಾರಿ ಇನ್’ ಬಗೆಯದೋ ತಿಳಿಯದೆ ಕೊಳ್ಳಬೇಡಿ. ಬೆಂಗಳೂರಿನವರಿಗೆ ಇದು ದೊಡ್ಡ ವಿಷಯವಲ್ಲ. ಸಿಂಧನೂರು, ಶಿರಸಿ, ಕೊಳ್ಳೇಗಾಲದವರಿಗೆ ಹಾಗಲ್ಲ: ಕ್ಯಾರಿ ಇನ್ ಎಂದರೆ ಪರೀಕ್ಷೆಯ ವಾರದಲ್ಲಿ ಲ್ಯಾಪ್‌ಟಾಪ್ ಹೊತ್ತು ಊರೂರು ಬಸ್ಸು ಹತ್ತುವುದು.

ನೋ ಕಾಸ್ಟ್ ಇಎಂಐ ಎಂಬುದರಲ್ಲಿ ಪ್ರೊಸೆಸಿಂಗ್ ಶುಲ್ಕ ಇರಬಹುದು, ಕ್ರೆಡಿಟ್ ಕಾರ್ಡಿನಲ್ಲಾದರೆ ಬಡ್ಡಿ ಭಾಗದ ಮೇಲೆ ಜಿಎಸ್‌ಟಿಯೂ ಬೀಳುತ್ತದೆ. ಒಟ್ಟು ಎಷ್ಟು ಕಟ್ಟುತ್ತೀರಿ ಎಂದು ಕಾಗದದಲ್ಲಿ ಕೂಡಿಸಿಯೇ ಸಹಿ ಹಾಕಿ. ಹೆಚ್ಚು ಬಡ್ಡಿಯ ಕೈಸಾಲ ಮಾಡಿ ಮಾತ್ರ ಲ್ಯಾಪ್‌ಟಾಪ್ ಕೊಳ್ಳಬೇಡಿ. ಮೊದಲ ಸೆಮಿಸ್ಟರನ್ನು ಕಾಲೇಜಿನ ಲ್ಯಾಬಿನಲ್ಲೇ ಕಳೆಯಬಹುದು, ಲ್ಯಾಬಿನವರನ್ನು ಕೇಳಲು ನಾಚಿಕೆ ಬೇಡ. ಅವರು ಇರುವುದೇ ಅದಕ್ಕೆ.

ಮನೆಗೆ ತಂದ ದಿನ

ಮೈಕ್ರೊಸಾಫ್ಟ್ ಖಾತೆಯನ್ನು ನಿಮ್ಮ ಸ್ವಂತ ಇಮೇಲ್‌ನಿಂದಲೇ ತೆರೆಯಿರಿ. ಅಂಗಡಿಯ ಹುಡುಗ ಬೇಗ ಮುಗಿಸಲೆಂದು ತನ್ನದೋ ಅಂಗಡಿಯದೋ ಇಮೇಲ್ ಹಾಕಲು ಬಿಡಬೇಡಿ. ಈಗಿನ ವಿಂಡೋಸ್ 11 ಡಿಸ್ಕನ್ನು ತಾನಾಗಿ ಗೂಢಲಿಪಿಯಲ್ಲಿ ಬೀಗ ಹಾಕಬಹುದು, ಆ ಬೀಗದ ರಿಕವರಿ ಕೀ ಹೋಗಿ ಕೂರುವುದು ಆ ಖಾತೆಯಲ್ಲಿ. ಒಂದು ದಿನ ನೀಲಿ ಪರದೆ ಬಂದು 48 ಅಂಕಿಗಳ ಕೀ ಕೇಳಿದಾಗ, ಖಾತೆ ಯಾರದೋ ಆಗಿದ್ದರೆ ಪ್ರಾಜೆಕ್ಟ್ ವರದಿ, ಫೋಟೊ, ಅಂಕಪಟ್ಟಿ ಎಲ್ಲವೂ ಹೋದಂತೆಯೇ. ಯಂತ್ರದೊಂದಿಗೆ ಬಂದ ಆಫೀಸ್ ಪರವಾನಗಿಯೂ ಆ ಖಾತೆಗೇ ಅಂಟಿಕೊಳ್ಳುತ್ತದೆ. ಕೀಯನ್ನು ಕಾಗದದಲ್ಲಿ ಬರೆದು ಅಂಕಪಟ್ಟಿಗಳ ಫೈಲಿನಲ್ಲಿಡಿ.

ಚಾರ್ಜರಿನ ಮೂರನೇ ಪಿನ್ ಮುರಿದು ಎರಡು ಪಿನ್ ಸಾಕೆಟ್ಟಿಗೆ ಹಾಕಬೇಡಿ. ಮಲೆನಾಡಿನವರು, ಕರಾವಳಿಯವರು ಗುಡುಗು ಕೇಳಿದ ಕೂಡಲೇ ಚಾರ್ಜರ್ ಕಿತ್ತಿಡಿ. ಚಾರ್ಜರ್ ಹಾಳಾದರೆ ಬಿಐಎಸ್ ಗುರುತೂ ‘ಆರ್’ ಅಕ್ಷರದ ಮುಂದೆ ಎಂಟು ಅಂಕಿಯ ಸಂಖ್ಯೆಯೂ ಇರುವುದನ್ನೇ ತನ್ನಿ. ಆ ಸಂಖ್ಯೆ ನಿಜವೇ ಎಂದು ಬಿಐಎಸ್ ಕೇರ್ ಆ್ಯಪಿನಲ್ಲಿ ನೋಡಬಹುದು. ಹಾಸಿಗೆ, ದಿಂಬಿನ ಮೇಲಿಟ್ಟು ಬಳಸಬೇಡಿ, ಗಾಳಿಯ ಕಿಂಡಿ ಮುಚ್ಚಿಹೋಗುತ್ತದೆ. ಚಾರ್ಜಿಂಗ್ ಶೇಕಡಾ 80ಕ್ಕೆ ನಿಲ್ಲಿಸುವ ಆಯ್ಕೆ ಕಂಪನಿಯ ಆ್ಯಪಿನಲ್ಲಿದ್ದರೆ ಆನ್ ಮಾಡಿ. ಮುಖ್ಯ ಫೈಲುಗಳ ಇನ್ನೊಂದು ಪ್ರತಿ ಯಾವಾಗಲೂ ಪೆನ್‌ಡ್ರೈವಿನಲ್ಲೋ ಗೂಗಲ್ ಡ್ರೈವಿನಲ್ಲೋ ಇರಲಿ.

ತಕರಾರು ಬಂದರೆ

ಅಂಗಡಿಯವರೊಂದಿಗೆ ಫೋನಿನಲ್ಲಿ ಜಗಳವಾಡುತ್ತಾ ದಿನ ಕಳೆಯಬೇಡಿ. ದೂರನ್ನು ಇಮೇಲ್‌ನಲ್ಲಿ ಬರೆದು ದಾಖಲೆ ಇಟ್ಟುಕೊಳ್ಳಿ. ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲೂ ಆಗದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಐದು ಲಕ್ಷ ರೂಪಾಯಿವರೆಗಿನ ವ್ಯಾಜ್ಯಕ್ಕೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದಿಲ್ಲ, ಇ-ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೇ ದೂರು ಸಲ್ಲಿಸಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಮಾರಿದವರ ಊರಿಗೆ ಅಲೆಯಬೇಕಾಗಿಲ್ಲ. ಬೆಂಗಳೂರಿನ ಅಂಗಡಿಯಿಂದ ತರಿಸಿದ ಲ್ಯಾಪ್‌ಟಾಪಿನ ದೂರನ್ನು ರಾಯಚೂರಿನಲ್ಲಿ ವಾಸವಿರುವವರು ರಾಯಚೂರಿನ ಆಯೋಗದಲ್ಲೇ ಕೊಡಬಹುದು.